ಬೀಗ ಹಾಕಿದರೆ ಚಟ ಬಿಡುವುದೇ?

ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಮಾತು ಹೇಗೋ ಹುಡುಗರ ಮಾದಕ ವಸ್ತುಗಳ ಚಟದ ಕಡೆಗೆ ತಿರುಗಿತು. ನಾನು ಬಹಳ ಗೌರವಿಸುವ ಹಿರಿಯರೊಬ್ಬರು ಲೋಟ ಕೆಳಗಿಟ್ಟು, "ಮೂರು ತಿಂಗಳು ಕೋಣೆಯಲ್ಲಿ ಕೂಡಿ ಬೀಗ ಹಾಕಿ, ಚಟ ತಾನಾಗಿ ಇಳಿಯುತ್ತದೆ. ಮನಸ್ಸು ಗಟ್ಟಿಯಿಲ್ಲದ್ದಕ್ಕೆ ಔಷಧಿ ಎಲ್ಲಿಂದ ಬಂತು?" ಎಂದು ತೀರ್ಪು ಕೊಟ್ಟರು. ಸುತ್ತ ನಿಂತವರು ತಲೆಯಾಡಿಸಿದರು. ಇನ್ನೊಬ್ಬರು, "ಊರಿಗೆ ಕಳಿಸಿ ಮದುವೆ ಮಾಡಿದರೆ ಎಲ್ಲಾ ಸರಿಹೋಗುತ್ತದೆ" ಎಂದು ಒಗ್ಗರಣೆ ಹಾಕಿದರು. ಅಂದು ನಾನು ಬಾಯಿ ಬಿಡಲಿಲ್ಲ. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಈ ಲೇಖನ.

ಬಾಯಿ ಬಿಡದಿದ್ದುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇದೇ ಮಾತನ್ನು ನಾನೂ ಆಡಿದ್ದೆ. ಹಾಸನದ ಕಡೆಯಿಂದ ಬಂದು ಎರಡು ತಲೆಮಾರಿನಿಂದ ಇಲ್ಲಿ ನೆಲೆಸಿದ ಕುಟುಂಬ, ಹೆಸರು ಬೇಡ. ಮಗನಿಗೆ ಇಪ್ಪತ್ತಮೂರು ವಯಸ್ಸು. ಮೊದಲು ನೋವಿನ ಮಾತ್ರೆ ನುಂಗುತ್ತಿದ್ದ, ಆಮೇಲೆ ಅದನ್ನೇ ಪುಡಿಮಾಡಿ ಸೂಜಿಯಲ್ಲಿ ಚುಚ್ಚಿಕೊಳ್ಳತೊಡಗಿದ. ತಂದೆ ಬಂದು ದಾರಿ ಕೇಳಿದಾಗ, ಊರಾಚೆಯ ಒಂದು ಕೇಂದ್ರಕ್ಕೆ ಸೇರಿಸಿ ಎಂದವನು ನಾನೇ. ಬಿಎಸ್ಸಿ ಓದಿದವನು, ತಿಳಿದೇ ಹೇಳುತ್ತಾನೆ ಎಂದು ಅವರು ನಂಬಿದರು. ಅಲ್ಲಿ ತೊಂಬತ್ತು ದಿನ ಬೀಗ, ಬೆಳಗ್ಗೆ ಪ್ರಾರ್ಥನೆ, ಸಂಜೆ ಉಪದೇಶ. ಹುಡುಗ ಮೈ ತುಂಬಿಕೊಂಡು ಮನೆಗೆ ಬಂದ. ತಾಯಿ ಹೋಳಿಗೆ ಮಾಡಿದರು. ಐದನೆಯ ದಿನ ಬಚ್ಚಲುಮನೆಯ ಬಾಗಿಲು ಒಡೆಯಬೇಕಾಯಿತು.

ಬಂಧುಬಳಗಕ್ಕೆಲ್ಲ 'ಹೃದಯಾಘಾತ' ಎಂದು ಹೇಳಿದರು. ನಾನೂ ಹಾಗೆಂದೇ ನಂಬಿದ್ದೆ. ವರ್ಷ ಕಳೆದ ಮೇಲೆ ಆ ತಂದೆಯೇ ನಿಜ ಹೇಳಿದರು: "ಮೊದಲು ಎಷ್ಟು ತೊಗೋತಿದ್ನೋ ಅಷ್ಟೇ ತೊಗೊಂಡಿದ್ನಂತೆ ಸ್ವಾಮಿ. ಅದನ್ನ ತಡೆಯೋ ಶಕ್ತಿ ಅವನ ಮೈಗೆ ಹೋಗಿಬಿಟ್ಟಿತ್ತು ಅಂದ್ರು ಡಾಕ್ಟ್ರು." ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆ ಡಾಕ್ಟರ ಮಾತನ್ನು ಬಿಡಿಸಿ ನೋಡೋಣ. ಅಫೀಮು, ಅದರಿಂದ ಬರುವ ಮಾರ್ಫಿನ್, ಹೆರಾಯಿನ್, ಹೆರಾಯಿನ್ನಿನ ಕಲಬೆರಕೆ ರೂಪವಾದ ಬ್ರೌನ್ ಶುಗರ್, ಟ್ಯಾಪೆಂಟಡಾಲಿನಂಥ ಕೆಲವು ನೋವಿನ ಮಾತ್ರೆ, ಇವೆಲ್ಲ ಕೆಲಸದಲ್ಲಿ ಒಂದೇ ಮನೆತನದವು. ಇವು ಹೋಗಿ ಕೂರುವ ಗೊತ್ತಾದ ಜಾಗಗಳು ಮಿದುಳಿನಲ್ಲಿವೆ ಎಂಬುದನ್ನು 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿಕೊಟ್ಟರು. ದಿನವೂ ತೆಗೆದುಕೊಂಡರೆ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ನಿನ್ನೆಯ ಪ್ರಮಾಣ ಇಂದು ಸಾಲದು. ನಿಲ್ಲಿಸಿದರೆ ಈ ಒಗ್ಗುವಿಕೆ ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ. ಆದರೆ ಆಸೆ ಅಷ್ಟು ಬೇಗ ಇಳಿಯುವುದಿಲ್ಲ. ಆಸೆ ಹಳೆಯದು, ತಾಳಿಕೆ ಹೊಸಬನದು! ಹಳೆಯ ಅಳತೆಯಲ್ಲಿ ಒಮ್ಮೆ ತೆಗೆದುಕೊಂಡರೂ ಉಸಿರಾಟ ನಡೆಸುವ ಮಿದುಳಿನ ಭಾಗ ಮಂಕಾಗಿ ಉಸಿರು ನಿಲ್ಲಬಹುದು. ನಾವು 'ಗುಣವಾಯಿತು' ಎಂದು ಹೋಳಿಗೆ ಮಾಡುವ ದಿನವೇ ಅತ್ಯಂತ ಅಪಾಯದ ದಿನ.

ಇದು ನನ್ನ ಊಹೆಯಲ್ಲ. 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ, ಆಸ್ಪತ್ರೆಯಲ್ಲಿದ್ದು ಅಫೀಮು ಜಾತಿಯ ಚಟವನ್ನು ಪೂರ್ತಿ ಬಿಡಿಸಿಕೊಂಡು ಹೊರಬಂದವರೇ, ಅರ್ಧಕ್ಕೆ ಬಿಟ್ಟುಹೋದವರಿಗಿಂತ ಹೆಚ್ಚಾಗಿ ಒಂದು ವರ್ಷದೊಳಗೆ ಸತ್ತಿದ್ದರು. ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸ್ವೀಡನ್ನಿನ ಇನ್ನೊಂದು ಅಧ್ಯಯನ ಬಂತು. ಹೆರಾಯಿನ್ ಚಟದ 40 ಮಂದಿಯನ್ನು ಎರಡು ಪಾಲು ಮಾಡಿ, 20 ಜನರಿಗೆ ವರ್ಷವಿಡೀ ನಾಲಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟರು. ಉಳಿದ 20 ಜನರಿಗೆ ಆರು ದಿನ ಅದನ್ನೇ ಇಳಿಸುತ್ತ ಕೊಟ್ಟು, ಬಳಿಕ ಮದ್ದಿಲ್ಲದ ಸುಳ್ಳು ಮಾತ್ರೆ. ಉಪದೇಶ, ಸಮಾಲೋಚನೆ ಇಬ್ಬರಿಗೂ ಸಮ. ವರ್ಷದ ಕೊನೆಗೆ ಮೊದಲ ಪಾಲಿನಲ್ಲಿ ನೂರಕ್ಕೆ 75ರಷ್ಟು ಮಂದಿ ಚಿಕಿತ್ಸೆಯಲ್ಲಿ ಉಳಿದಿದ್ದರು, ಒಬ್ಬರೂ ಸತ್ತಿರಲಿಲ್ಲ. ಎರಡನೆಯ ಪಾಲಿನಲ್ಲಿ ಚಿಕಿತ್ಸೆಯಲ್ಲಿ ಒಬ್ಬರೂ ಉಳಿದಿರಲಿಲ್ಲ, ನಾಲ್ವರು ಸತ್ತಿದ್ದರು. ಮನಸ್ಸು ಗಟ್ಟಿಮಾಡಿಕೊ ಎಂಬ ಮಾತು ಇಬ್ಬರಿಗೂ ಸಿಕ್ಕಿತ್ತು. ಔಷಧಿ ಮಾತ್ರ ಒಂದು ಪಾಲಿಗೆ ಸಿಕ್ಕಿತ್ತು. ನಮ್ಮ ಹಿರಿಯರ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕೇ?

"ಒಂದು ಚಟ ಬಿಡಿಸಿ ಇನ್ನೊಂದು ಚಟ ಹಚ್ಚುವುದಲ್ಲವೇ ಇದು?" ಎನ್ನುವವರಿದ್ದಾರೆ. ಬುಪ್ರೆನಾರ್ಫಿನ್ ಕೂಡ ಅದೇ ಮನೆತನದ್ದು, ಒಪ್ಪಿದೆ. ನಮ್ಮ ಚೆನ್ನೈಯಲ್ಲೇ 1990ರ ದಶಕದಲ್ಲಿ ಅದನ್ನು ಸೂಜಿಯಲ್ಲಿ ಚುಚ್ಚಿಕೊಂಡು ಹಾಳಾದವರಿದ್ದಾರೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ವೈದ್ಯರ ಕಣ್ಣೆದುರು, ಗೊತ್ತಾದ ಅಳತೆಯಲ್ಲಿ, ನಾಲಗೆಯಡಿ ಕರಗುವ ಮಾತ್ರೆಯ ಮಾತೇ ಬೇರೆ. ಅದು ಮಿದುಳಿನ ಆ ಜಾಗಗಳನ್ನು ಗಟ್ಟಿಯಾಗಿ ಹಿಡಿದು ಕೂರುತ್ತದೆ, ಆದರೆ ಅರ್ಧ ಮಾತ್ರ ಕೆಲಸ ಮಾಡುತ್ತದೆ. ನಡುಕವಿಲ್ಲ, ಬೇಡುವ ಆಸೆ ಇಳಿಯುತ್ತದೆ, ಹುಡುಗ ಎದ್ದು ಕೆಲಸಕ್ಕೆ ಹೋಗುತ್ತಾನೆ. ಸೂಜಿಯ ದುರುಪಯೋಗ ತಡೆಯಲು ನಲಾಕ್ಸೋನ್ ಬೆರೆಸಿದ ಮಾತ್ರೆಯೂ ಇದೆ. ನಮ್ಮಲ್ಲಿ ಎಷ್ಟು ಜನ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿಲ್ಲ? ಅವರನ್ನು ಯಾರಾದರೂ ಮಾತ್ರೆಯ ಚಟದವರು ಎನ್ನುತ್ತಾರೆಯೇ?

ಈ ದಾರಿ ಹೊಸದೂ ಅಲ್ಲ. 1965ರಲ್ಲಿ ನ್ಯೂಯಾರ್ಕಿನಲ್ಲಿ ಡೋಲ್ ಮತ್ತು ನೈಸ್ವಾಂಡರ್ ಎಂಬ ವೈದ್ಯರು 22 ಮಂದಿ ರೋಗಿಗಳಿಗೆ ಮೆಥಡೋನ್ ಕೊಟ್ಟು ಫಲ ಕಂಡು ವರದಿ ಮಾಡಿದರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೆಥಡೋನ್, ಬುಪ್ರೆನಾರ್ಫಿನ್ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ 2007ರ ಸುಮಾರಿನಿಂದ ಸೂಜಿ ಚುಚ್ಚಿಕೊಳ್ಳುವವರಿಗೆ ಇದನ್ನು ಉಚಿತವಾಗಿ ಕೊಡುತ್ತ ಬಂದಿದ್ದಾರೆ.

"ಅದೆಲ್ಲ ಪಂಜಾಬಿನ ಕಾಯಿಲೆ, ನಮಗೇಕೆ?" ಎಂಬ ನೆಮ್ಮದಿಯೂ ಬೇಡ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಅಫೀಮು ಜಾತಿಯ ವಸ್ತು ಬಳಸುವವರು ದೇಶದಲ್ಲಿ ಸುಮಾರು 2.26 ಕೋಟಿ. ಅವರಲ್ಲಿ ಸುಮಾರು 77 ಲಕ್ಷ ಜನರಿಗೆ ನೆರವು ಬೇಕಾಗಿದೆ. ಇನ್ನು ನಮ್ಮ ಊರಿನ ಅನುಭವವಂತೂ ಹಳೆಯದು. ಭಾರತದ ಮೊದಲ ಎಚ್‌ಐವಿ ಸೋಂಕುಗಳನ್ನು 1986ರಲ್ಲಿ ಕಂಡುಹಿಡಿದದ್ದು ಇಲ್ಲಿನ ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸೊಲೊಮನ್ ಮತ್ತು ಡಾ. ನಿರ್ಮಲಾ. ಸುನೀತಿಯವರು 1993ರಲ್ಲಿ ಕಟ್ಟಿದ ವೈಆರ್‌ಜಿ ಕೇರ್ ಸಂಸ್ಥೆ, 2005ರಿಂದ ಚೆನ್ನೈಯಲ್ಲಿ ಸೂಜಿ ಚುಚ್ಚಿಕೊಳ್ಳುವ ಸಾವಿರಕ್ಕೂ ಹೆಚ್ಚು ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿತು. ಅವರಲ್ಲಿ ಸಾವಿಗೆ ಮೊದಲ ಕಾರಣ ಏಡ್ಸ್ ಅಲ್ಲ, ಕ್ಷಯವೂ ಅಲ್ಲ. ಅತಿ ಪ್ರಮಾಣದ ಸೇವನೆ.

ಜೊತೆಗೆ ಬರುವ ಕಾಯಿಲೆಗಳನ್ನೂ ಹೇಳಬೇಕು. ಹಂಚಿಕೊಂಡ ಸೂಜಿಯಿಂದ ಎಚ್‌ಐವಿ ಮಾತ್ರವಲ್ಲ, ಹೆಪಟೈಟಿಸ್ ಸಿ ಕೂಡ ಬರುತ್ತದೆ. ಅದು ಸದ್ದಿಲ್ಲದೆ ವರ್ಷಗಟ್ಟಲೆ ಯಕೃತ್ತನ್ನು ತಿನ್ನುತ್ತದೆ. ಚುಚ್ಚಿದ ಜಾಗದಲ್ಲಿ ಕೀವು ಕಟ್ಟಬಹುದು, ಹೃದಯದ ಕವಾಟಕ್ಕೆ ಸೋಂಕು ತಗಲಬಹುದು. ಸಂತೋಷದ ಸಂಗತಿಯೆಂದರೆ, ಹೆಪಟೈಟಿಸ್ ಸಿ ಈಗ ಹೆಚ್ಚಿನವರಿಗೆ ಹನ್ನೆರಡು ವಾರದ ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದೂ ಉಚಿತ. ಆದರೆ ಬೀಗ ಹಾಕಿದ ಕೋಣೆಯಲ್ಲಿ ರಕ್ತ ಪರೀಕ್ಷೆ ಮಾಡುವವರು ಯಾರು?

ಎಲ್ಲ ಕೇಂದ್ರಗಳೂ ಕೆಟ್ಟವು ಎನ್ನುವುದಿಲ್ಲ. 1980ರಲ್ಲಿ ಶಾಂತಿ ರಂಗನಾಥನ್ ಅವರು ಇದೇ ಊರಿನಲ್ಲಿ ಟಿ.ಟಿ. ರಂಗನಾಥನ್ ಹೆಸರಿನ ಸಂಸ್ಥೆಯನ್ನು ಕಟ್ಟಿ, ಚಟವೂ ಒಂದು ಕಾಯಿಲೆ, ಮನೆಯವರಿಗೂ ನೆರವು ಬೇಕು ಎಂದು ತೋರಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಸಮಾಲೋಚನೆ ಬೇಕು, ಮನೆಯವರ ಪ್ರೀತಿ ಬೇಕು, ಕೆಲಸ ಬೇಕು. ದೇವರಿಗೆ ಹರಕೆ ಹೊತ್ತರೂ ಬೇಡವೆನ್ನುವವನು ನಾನಲ್ಲ. ಔಷಧಿಯನ್ನು ತಪ್ಪಿಸಿ ಇವನ್ನಷ್ಟೇ ಕೊಡುವುದು ಮಾತ್ರ ತಪ್ಪು.

ಪೊಲೀಸರ ಭಯವೆನ್ನುವಿರಾ? 1985ರ ಮಾದಕ ವಸ್ತುಗಳ ಕಾನೂನಿನಲ್ಲೇ 64ಎ ಎಂಬ ಕಲಮಿದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರ ಮನ್ನಿಸಿದ ಕಡೆ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆಯುಂಟು. ಚಿಕಿತ್ಸೆ ಪೂರೈಸಬೇಕು, ಅಷ್ಟೇ. ನಿಜವಾದ ಭಯ ಪೊಲೀಸರದ್ದಲ್ಲ, ನಮ್ಮದು. 'ನಮ್ಮವರಿಗೆ ತಿಳಿದರೆ?' ಎಂಬ ಭಯ. ಪರಊರಿನಲ್ಲಿ ಒಬ್ಬರಿಗೊಬ್ಬರು ಆಗಲೆಂದು ಸಂಘ ಕಟ್ಟಿಕೊಂಡೆವು. ಆ ಸಂಘದ ಬಾಯಿಗೆ ಹೆದರಿ ಒಂದು ಮನೆ ಮಗನ ಕಾಯಿಲೆಯನ್ನು ಮುಚ್ಚಿಡುವುದಾದರೆ, ರಾಜ್ಯೋತ್ಸವದ ತೋರಣ ಯಾರಿಗಾಗಿ?

ಆದ್ದರಿಂದ ನನ್ನ ವಿನಂತಿ ಇಷ್ಟು. ಮುಂದಿನ ಸಭೆಗೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರೊಬ್ಬರನ್ನು ಕರೆಸೋಣ. ಕೇಂದ್ರದ ವ್ಯಸನಮುಕ್ತಿ ಸಹಾಯವಾಣಿ 14446 ಸಂಖ್ಯೆಯನ್ನು ಸಂಘದ ಫಲಕದ ಮೇಲೆ ಬರೆಸೋಣ. ಯಾವ ಕೇಂದ್ರಕ್ಕೇ ಆಗಲಿ ಹಣ ಕಟ್ಟುವ ಮೊದಲು, 'ಹುಡುಗ ಹೊರಗೆ ಬಂದ ಮೇಲೆ ಯಾವ ಔಷಧಿ, ಯಾವ ವೈದ್ಯರು, ಎಷ್ಟು ಕಾಲ?' ಎಂದು ಕೇಳೋಣ. ಉತ್ತರವಿಲ್ಲದಿದ್ದರೆ ಎದ್ದು ಬರೋಣ. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾದವನನ್ನು ಕಂಡರೆ 'ಮಲಗಿರಲಿ' ಎನ್ನದೆ 108ಕ್ಕೆ ಕರೆ ಮಾಡಿ, ಮಗ್ಗುಲಾಗಿ ಮಲಗಿಸಿ, ಏನು ತೆಗೆದುಕೊಂಡಿದ್ದಾನೆಂದು ಮುಚ್ಚಿಡದೆ ಹೇಳೋಣ. ಉಸಿರನ್ನು ಮರಳಿಸುವ ನಲಾಕ್ಸೋನ್ ಎಂಬ ಮದ್ದಿದೆ, ಆದರೆ ಸಮಯಕ್ಕೆ ಸಿಗಬೇಕು.

ಆ ಹಿರಿಯರ ಮೇಲೆ ನನಗೆ ಕೋಪವಿಲ್ಲ. ಅವರಿಗಿಂತ ಮೊದಲೇ ಅದೇ ಮಾತನ್ನು ಆಡಿ, ಅದರ ಬೆಲೆಯನ್ನು ಬೇರೊಬ್ಬರ ಮನೆಯಿಂದ ಕೊಡಿಸಿದವನು ನಾನು. ಆ ಮಾತು ನಮ್ಮ ಸಂಘದಲ್ಲಿ ಇನ್ನೊಮ್ಮೆ ಕೇಳಿಬಂದರೆ, ಈ ಸಲ ಸುಮ್ಮನಿರುವುದಿಲ್ಲ.