ಕುಂಬಳ ಅಂದ್ರೆ ಯಾವ ಕುಂಬಳ?

ಓಣಂ ಹತ್ರ ಬಂತು. ನಮ್ಮ ಗುಂಡ್ಲುಪೇಟೆ, ತೆರಕಣಾಂಬಿ ಕಡೆ ತರಕಾರಿ ಹಾಕಿರೋರ ಫೋನಿಗೆ ಬಿಡುವಿಲ್ಲ. ಅದಕ್ಕೇ ಈಗಲೇ ಹೇಳ್ತೀನಿ: ಕೇರಳಕ್ಕೆ ಮಾಲು ಕಳಿಸೋ ನಾವು, ನಮ್ಮ ಕಾಯಿಗೆ ಅವರ ಭಾಷೇಲಿ ಏನಂತಾರೆ ಅನ್ನೋದನ್ನಾದ್ರೂ ಕಲೀಬೇಕು.

ನಮ್ಮೂರಿನ ಹುಡುಗ ಒಬ್ಬ ಸುಲ್ತಾನ್ ಬತ್ತೇರಿಯ ವ್ಯಾಪಾರಿ ಜೊತೆ ಫೋನಲ್ಲೇ ರೇಟು ಮುಗಿಸಿದ. "ಕುಂಬಳಂಗ ಉಂಡೋ?" ಅಂದ್ರಂತೆ, ಇವನು "ಐತೆ ಐತೆ" ಅಂದ. ಪಿಕಪ್ ತುಂಬ ಸಿಹಿಗುಂಬಳ ಹೇರ್ಕೊಂಡು ಹೋದ. ಅಲ್ಲಿ ಟಾರ್ಪಾಲ್ ತೆಗೆದ್ರೆ ಆ ವ್ಯಾಪಾರಿ ಇವನ ಮುಖ ನೋಡ್ತಾನೆ, ಇವನು ಅವನ ಮುಖ ನೋಡ್ತಾನೆ. ಅವರಿಗೆ ಕುಂಬಳಂಗ ಅಂದ್ರೆ ಬೂದುಗುಂಬಳ, ಓಣಂ ಊಟದ ಓಲನ್‌ಗೆ ಹಾಕೋದು. ನಮ್ಮ ಸಿಹಿಗುಂಬಳ ಅವರಿಗೆ ಮತ್ತಂಗ, ಅದು ಎರಿಶ್ಶೇರಿಗೆ. ಎರಡೂ ಬೇಕಾದ ಕಾಯೇ, ಆದ್ರೆ ಆವತ್ತು ಅವನಿಗೆ ಬೇಕಿದ್ದಿದ್ದು ಒಂದೇ. ಅಷ್ಟೊತ್ತಿಗೆ ಸಂಜೆ. ಬಂಡೀಪುರದ ಕಾಡು ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ವಾಪಸ್ ತರೋ ಹಾಗಿಲ್ಲ, ಇಟ್ಕೊಳ್ಳೋಕೆ ಜಾಗ ಇಲ್ಲ. ಬೇರೆಯೋರಿಗೆ ಸಿಕ್ಕ ರೇಟಿಗೆ ಸುರಿದು ಬಂದ, ಗಾಡಿ ಬಾಡಿಗೆಯೂ ಹುಟ್ಟಲಿಲ್ಲ.

ಊರಲ್ಲಿ ಎಲ್ರೂ ನಕ್ಕರು. ನಗೋ ವಿಷಯಾನೇ ಬಿಡಿ. ಆದ್ರೆ ನಮ್ಮೋರು ಮೊದಲಿಂದಲೂ ಇದನ್ನ ಬರೀ ನಗೋ ವಿಷಯ ಮಾಡ್ಕೊಂಡೇ ಬಂದಿದ್ದಾರೆ, ನನ್ನ ತಕರಾರು ಅದು.

ವಯನಾಡಿಗೆ ಕಾಫಿ, ಮೆಣಸು ಬಿಡಿಸೋಕೆ ಹೋಗಿ ತಿಂಗಳುಗಟ್ಟಲೆ ಉಳಿದು ಬಂದೋರನ್ನ ಕೇಳಿ, ಒಬ್ಬೊಬ್ಬರದ್ದೂ ಒಂದು ಕಥೆ. ಅನ್ನಕ್ಕೆ ಅವರು ಚೋರು ಅಂತಾರೆ. ನಮ್ಮೋರು ಒಬ್ರು ಊಟಕ್ಕೆ ಕೂತು "ಸಾಕಮ್ಮ, ಒಂದ್ ಚೂರು, ಒಂದೇ ಚೂರು" ಅಂದಷ್ಟೂ ಆ ಮನೆಯಮ್ಮ ಅನ್ನ ಇಕ್ಕಿದ್ದೇ ಇಕ್ಕಿದ್ದು. ಸುಮ್ನೆ "ಬೇಡ" ಅಂದಿದ್ರೆ ಮುಗೀತಿತ್ತು, ಅವರದ್ದು "ವೇಂಡ", ಹೆಚ್ಚು ಕಮ್ಮಿ ಒಂದೇ. ಆಮೇಲೆ ಯಾರೋ "ಸಾಕು ಅನ್ನೋಕೆ ಮತಿ ಅನ್ನು" ಅಂತ ಹೇಳಿಕೊಟ್ರು. ಇವರು ಹೋಟ್ಲಲ್ಲಿ ಒತ್ತಿ "ಮತ್ತಿ, ಮತ್ತಿ" ಅಂದ್ರು. ಮತ್ತಿ ಅಂದ್ರೆ ಅಲ್ಲಿ ಮೀನು. ಲಿಂಗ ಕಟ್ಟಿರೋ ಮನುಷ್ಯರ ಎಲೆ ಪಕ್ಕ ಹುರಿದ ಮೀನಿನ ತಟ್ಟೆ ಬಂದು ಕೂತ್ಕೊಂತು. ಪಾಪ, ಆವತ್ತು ಬಾಳೆಹಣ್ಣೇ ಗತಿ.

ಇನ್ನು ವೆಳ್ಳಂ. ನಮ್ಮ ಕಿವಿಗೆ ಅದು ಬೆಲ್ಲ. ತಮಿಳಿನವರಿಗೂ ವೆಲ್ಲಂ ಅಂದ್ರೆ ಬೆಲ್ಲಾನೇ. ಮಲಯಾಳದಲ್ಲಿ ಮಾತ್ರ ನೀರು. ಅಲ್ಲಿ ಹೋಟ್ಲುಗಳಲ್ಲಿ ಪದಿಮುಖದ ಚಕ್ಕೆ ಹಾಕಿ ಕುದಿಸಿದ ನೀರು ಕೊಡ್ತಾರಲ್ಲ, ಕೆಂಪಗೆ, ಬೆಲ್ಲದ ಪಾನಕದ ಹಾಗೆ. ಅದನ್ನ ಗಟಗಟ ಕುಡಿದು "ಏನ್ರೀ, ಬೆಲ್ಲ ಹಾಕೋದೇ ಮರ್ತಿದ್ದೀರಲ್ಲ" ಅಂತ ಕೇಳ್ದೋರು ಇದ್ದಾರೆ. ಬೆಲ್ಲಕ್ಕೆ ಅವರು ಶರ್ಕರ ಅಂತಾರೆ, ಸಕ್ಕರೆಗೆ ಪಂಚಸಾರ. ಅಲ್ಲಿಗೆ ಬೆಲ್ಲದ ಮಾತಾಡೋ ಆಲೆಮನೆಯೋರು ಇದನ್ನ ಗೋಡೆ ಮೇಲೆ ಬರ್ಕೊಳ್ಳಿ.

ಕೆಲವರು ಅಂತಾರೆ, ಅವರಿಗೆ ಬೇಕಿದ್ರೆ ಅವರು ಕನ್ನಡ ಕಲೀಲಿ, ನಾವ್ಯಾಕೆ ಕಲೀಬೇಕು ಅಂತ. ಸ್ವಾಮಿ, ಅವರು ಕಲ್ತಾಗಿದೆ! ನಮ್ಮಲ್ಲಿ ಜಮೀನು ಗುತ್ತಿಗೆ ಮಾಡಿ ಶುಂಠಿ, ಬಾಳೆ ಹಾಕಿರೋರನ್ನ ನೋಡಿ. ಎಷ್ಟೋ ಜನ ಒಂದೆರಡು ವರ್ಷದಲ್ಲಿ ನಮ್ಮ ಜೊತೆ ನಮ್ಮ ಮಾತಲ್ಲೇ ಚೌಕಾಸಿ ಮಾಡ್ತಾರೆ. ಅವರಿಬ್ಬರೇ ಮಾತಾಡ್ಕೊಳ್ಳೋವಾಗ ರೇಟು ಎಲ್ಲಿಗೆ ನಿಲ್ಲಿಸ್ತಿದ್ದಾರೆ ಅಂತ ನಮಗೆ ತಿಳಿಯಲ್ಲ, ನಮ್ಮಿಬ್ಬರ ಮಾತು ಅವರಿಗೆ ತಿಳಿಯುತ್ತೆ. ಯಾರಿಗೆ ಲಾಭ ಅಂತ ಬಿಡಿಸಿ ಹೇಳ್ಬೇಕಾ? ಇದರಲ್ಲಿ ಭಾಷಾಭಿಮಾನದ ಪ್ರಶ್ನೆ ಎಲ್ಲಿ ಬಂತೋ ನನಗಂತೂ ಕಾಣಲ್ಲ.

ವಾಟ್ಸಾಪಲ್ಲಿ ಫೋಟೋ ಹಾಕಿದ್ರೆ ಆಯ್ತಲ್ಲ ಅನ್ನೋರೂ ಇದ್ದಾರೆ. ಹಾಕಿ, ಒಳ್ಳೇದೇ. ಆದ್ರೆ ಬೆಳಿಗ್ಗೆ ಎದ್ದು ಒಂದೇ ಉಸಿರಲ್ಲಿ ಹತ್ತು ಕಾಯಿ ರೇಟು ಕೇಳೋನಿಗೆ ಎಷ್ಟು ಫೋಟೋ ಕಳಿಸ್ತೀರ?

ಕಲಿಯೋದು ಕಷ್ಟಾನೂ ಅಲ್ಲ. ನಮ್ಮ ಹಾಲು ಅವರ ಪಾಲ್, ನಮ್ಮ ಹುಳಿ ಅವರ ಪುಳಿ. ಹಳಗನ್ನಡದಲ್ಲೂ ಪಾಲ್ ಅಂತಾನೇ ಇತ್ತು, ಹೈಸ್ಕೂಲಲ್ಲಿ ಮೇಷ್ಟ್ರು ಹೇಳಿದ್ದು ಇನ್ನೂ ನೆನಪಿದೆ. ಬೆಂಡೆ ವೆಂಡಕ್ಕ, ಪಡವಲ ಪಡವಲಂಗ, ಇವೆಲ್ಲ ತಾವೇ ಬಾಯಿಗೆ ಬರ್ತವೆ. ಹುಷಾರಾಗಿರಬೇಕಾದ್ದು ಕುಂಬಳದ ತರ ಮೋಸದ ಹೆಸರುಗಳಲ್ಲಿ. ಸುವರ್ಣಗೆಡ್ಡೆಗೆ ಚೇನ, ಕೆಸುವಿನ ಗೆಡ್ಡೆಗೆ ಚೇಂಬು, ಇವೆರಡನ್ನ ಅದಲು ಬದಲು ಮಾಡ್ಕೋಬೇಡಿ. ದೊಡ್ಡ ಈರುಳ್ಳಿ ಸವಾಳ. ನಮ್ಮ ಸಾಂಬಾರ್ ಈರುಳ್ಳಿ ಅವರ ಚೆರಿಯ ಉಳ್ಳಿ. ತಮಿಳುನಾಡಿಗೆ ಹಾಕೋರು ಪೂಸಣಿ ಅಂದ ತಕ್ಷಣ ಬಿಳಿಯದಾ ಹಳದಿಯದಾ ಅಂತ ಕೇಳ್ಕೊಳ್ಳಿ, ಅಲ್ಲೂ ಇದೇ ಗೋಳು.

ತೆರಕಣಾಂಬಿ ಮಾರ್ಕೆಟ್ಟಲ್ಲಿ ಒಂದು ಬೋರ್ಡು ಬರೆಸೋಣ ಅನ್ನೋದು ನನ್ನ ಮಾತು. ಇಪ್ಪತ್ತು ತರಕಾರಿ, ಮೂರು ಭಾಷೆ ಹೆಸರು, ಎಲ್ಲಾ ಕನ್ನಡ ಅಕ್ಷರದಲ್ಲೇ. ತಮಿಳು ಹೆಸರು ತಿದ್ದೋಕೆ ತಾಳವಾಡಿ ಕಡೆ ನಮ್ಮ ಕನ್ನಡದೋರೇ ಇದ್ದಾರೆ, ಮಲಯಾಳಕ್ಕೆ ಬತ್ತೇರಿಗೆ ದಿನಾ ಗಾಡಿ ಹೊಡೆಯೋ ಡ್ರೈವರ್‌ಗಳು ಸಾಕು. ಪೇಂಟಿನ ಖರ್ಚಲ್ಲಿ ನನ್ನ ಪಾಲು ನಾನು ಕೊಡ್ತೀನಿ. ಓಣಂ ಲೋಡು ಶುರುವಾಗೋ ಮುಂಚೆ ಆಗ್ಬೇಕು.