‘ಆಗಲೇ ಏಕೆ ಹೇಳಲಿಲ್ಲ?’

ಪಾದ್ರಿಯೊಬ್ಬರ ಮೇಲೆ ಮೂವತ್ತು ವರ್ಷಗಳ ತರುವಾಯ ಲೈಂಗಿಕ ದೌರ್ಜನ್ಯದ ದೂರು ಬಂದಿತೆಂದರೆ ನಮ್ಮವರ ಬಾಯಿಂದ ಮೊದಲು ಹೊರಡುವ ಮಾತು ಇದು. ಓದಿದವರೂ ಕೇಳುತ್ತಾರೆ, ನಮ್ಮ ಬಂಧುಬಳಗದಲ್ಲಿಯೇ ಕೇಳಿದ್ದೇನೆ. ಇದು ಪ್ರಶ್ನೆಯ ವೇಷ ತೊಟ್ಟ ತೀರ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ಇಂತಹ ದೌರ್ಜನ್ಯಗಳ ವಿಚಾರಣೆಗೆಂದು ಆಸ್ಟ್ರೇಲಿಯಾ ಸರಕಾರ 2013ರಲ್ಲಿ ನೇಮಿಸಿದ ರಾಯಲ್ ಕಮಿಷನ್ 2017ರಲ್ಲಿ ತನ್ನ ಅಂತಿಮ ವರದಿಯನ್ನಿತ್ತಿತು. ಅದರ ಮುಂದೆ ಖಾಸಗಿಯಾಗಿ ತಮ್ಮ ಸಂಕಟ ತೋಡಿಕೊಂಡವರು ಸಾವಿರಾರು ಮಂದಿ. ಅವರು ಮೊದಲ ಬಾರಿ ಯಾರೊಡನೆಯಾದರೂ ಬಾಯಿಬಿಡಲು ಹಿಡಿದ ಕಾಲ ಸರಾಸರಿ 23.9 ವರ್ಷ! ಹತ್ತರ ಬಾಲಕ ಮೂವತ್ತನಾಲ್ಕರ ಗೃಹಸ್ಥನಾಗುವಷ್ಟು ಕಾಲ.

ಇಷ್ಟು ತಡವೇಕೆ? ಮಕ್ಕಳೊಡನೆ ಒಡನಾಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ತನಗೆ ಆದದ್ದನ್ನು ಹೇಳಲು ಮಗುವಿನ ಬಳಿ ಶಬ್ದವೇ ಇರುವುದಿಲ್ಲ. (ನಾವು ಕಲಿಸಿದ್ದರೆ ತಾನೆ!) ಶಬ್ದ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಹೇಳುವುದು ಯಾರಿಗೆ? ಗುರುಗಳು ಮನೆಗೆ ಬಂದರೆಂದು ಹಿಗ್ಗಿ ಕುರ್ಚಿ ಒರೆಸುವ ತಾಯಿಗೆ? ಕ್ಯಾಥೊಲಿಕ್ ಮಗುವಿನ ಪಾಡು ಇನ್ನೂ ಕಠಿಣ. ಮನಸ್ಸಿನ ಭಾರ ಇಳಿಸಲು ಧರ್ಮವು ಅದಕ್ಕೆ ತೋರಿಸಿಕೊಟ್ಟ ತಾಣ ಪಾಪನಿವೇದನೆಯ ಪೀಠ. ಅಲ್ಲಿ ಕಿವಿಗೊಟ್ಟು ಕುಳಿತಿರುವಾತನೇ ಆ ಪಾದ್ರಿ! ಪಾಪ ಯಾರದೆಂಬುದೇ ಆ ಎಳೆಯ ಮನಸ್ಸಿಗೆ ತಿಳಿಯದಂತಾಗುತ್ತದೆ.

ಇನ್ನು, ಹೇಳಲೇ ಇಲ್ಲವೆಂಬುದೂ ಪೂರ್ತಿ ಸತ್ಯವಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಜಾನ್ ಗೇಗನ್ ಎಂಬ ಪಾದ್ರಿಯಿದ್ದ. ಬಡ ಮನೆಗಳ ಮಕ್ಕಳೇ ಅವನ ಗುರಿ. ತಮ್ಮ ಕುಟುಂಬಕ್ಕೆ ಸೇರಿದ ಏಳು ಹುಡುಗರಿಗೆ ಅವನಿಂದಾದುದನ್ನು ವಿವರಿಸಿ ಮಹಿಳೆಯೊಬ್ಬರು 1982ರಲ್ಲಿಯೇ ಅಂದಿನ ಕಾರ್ಡಿನಲ್ ಅವರಿಗೆ ಪತ್ರ ಬರೆದಿದ್ದರು. ಪರಿಣಾಮ? 1984ರಲ್ಲಿ ಹೊಸ ಆರ್ಚ್‌ಬಿಷಪ್ ಬರ್ನಾರ್ಡ್ ಲಾ ಅವನನ್ನು ಮತ್ತೊಂದು ಧರ್ಮಕೇಂದ್ರಕ್ಕೆ ನೇಮಿಸಿದರು. ನಮ್ಮಲ್ಲಿ ಲಂಚಕೋರ ಗುಮಾಸ್ತನನ್ನು ಬೇರೆ ತಾಲ್ಲೂಕಿಗೆ ವರ್ಗ ಮಾಡುವಂತೆ! 2002ರ ಜನವರಿಯಲ್ಲಿ ‘ಬಾಸ್ಟನ್ ಗ್ಲೋಬ್’ ಪತ್ರಿಕೆ ಇದನ್ನೆಲ್ಲ ಬಯಲಿಗೆಳೆಯುವ ಹೊತ್ತಿಗೆ ಅವನ ಮೇಲೆ ದೂರಿದ್ದವರ ಸಂಖ್ಯೆ 130ನ್ನು ಮೀರಿತ್ತು. ಲಾ ಅವರು ಆ ವರ್ಷದ ಕೊನೆಗೆ ಪದತ್ಯಾಗ ಮಾಡಿದರು; 2004ರಲ್ಲಿ ರೋಮ್ ನಗರದ ಮಹಾಬಸಿಲಿಕಾ ಒಂದರ ಮುಖ್ಯಸ್ಥರಾದರು. ಹೇಳಿದವರಿಗೆ ಸಿಕ್ಕ ಮನ್ನಣೆ ಇದು.

‘ಹಣದ ಆಸೆಗೆ ಹೇಳುತ್ತಾರೆ’ ಎನ್ನುವವರೂ ಇದ್ದಾರೆ. ಹಣದೊಡನೆ ಬಾಯಿಗೆ ಬೀಗ ಹಾಕುವ ಗೋಪ್ಯ ಒಪ್ಪಂದಗಳು ಯಾರಿಗೆ ಅನುಕೂಲವಾಗಿದ್ದವು ಎಂಬುದನ್ನು ಅವರು ಯೋಚಿಸಲಿ. ಆ ಬೀಗದ ಹಿಂದೆ ವರ್ಷಗಳು ಕಳೆದವು, ಕಾನೂನಿನ ಕಾಲಮಿತಿಯೂ ಮುಗಿಯಿತು. ಪೆನ್ಸಿಲ್ವೇನಿಯಾದ ಗ್ರ್ಯಾಂಡ್ ಜ್ಯೂರಿ 2018ರಲ್ಲಿ 300ಕ್ಕೂ ಹೆಚ್ಚು ಪಾದ್ರಿಗಳನ್ನೂ ಸಾವಿರಕ್ಕೂ ಮಿಕ್ಕಿ ಮಕ್ಕಳನ್ನೂ ಗುರುತಿಸಿತು. ಆದರೆ ಬಹುತೇಕ ಪ್ರಕರಣಗಳಲ್ಲಿ ಮೊಕದ್ದಮೆ ಹೂಡುವ ಕಾಲ ಮೀರಿಹೋಗಿತ್ತು.

ನನ್ನ ಶಿಷ್ಯರಲ್ಲಿ ಅನೇಕರು ಈಗ ತಂದೆತಾಯಿಗಳು, ಕೆಲವರು ಶಿಕ್ಷಕರು. ನಮ್ಮ ದೇಶದ 2012ರ ಪೋಕ್ಸೊ ಕಾಯ್ದೆಯನ್ನು ಅವರು ಒಮ್ಮೆ ಓದಬೇಕು. ಅದರಡಿ ದೂರು ಕೊಡಲು ಕಾಲಮಿತಿಯಿಲ್ಲವೆಂದು ಕೇಂದ್ರ ಸರಕಾರ 2018ರಲ್ಲಿ ಸ್ಪಷ್ಟಪಡಿಸಿದೆ. ವಿಷಯ ತಿಳಿದವರು ಯಾರೇ ಆಗಲಿ, ಪಾದ್ರಿಯಾಗಲಿ ಮಠಾಧೀಶರಾಗಲಿ ಮೇಷ್ಟ್ರಾಗಲಿ, ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯುಂಟು. ಹೇಳದೆ ಉಳಿದ ಮಗುವಿಗೆ ಮಾತ್ರ ಆ ಶಿಕ್ಷೆ ಅನ್ವಯಿಸುವುದಿಲ್ಲವೆಂದು ಕಾಯ್ದೆಯಲ್ಲಿಯೇ ಬರೆದಿದೆ.