ಹಳೆಯ ಮೋಟಾರುಗಳೂ ಅವನ್ನು ಉಳಿಸುವ ಕೈಗಳೂ

ಹಳೆಯ ಮೋಟಾರು ಗಾಡಿಗಳ ಮೆರವಣಿಗೆ ಹೊರಟಾಗ ರಸ್ತೆಯ ಇಕ್ಕೆಲಗಳಲ್ಲಿ ಜನರು ಕಿಕ್ಕಿರಿದು ನಿಲ್ಲುವುದುಂಟು. ಹಿತ್ತಾಳೆಯ ದೀಪಗಳನ್ನೂ ಮಿರುಗುವ ಬಣ್ಣವನ್ನೂ ಕಂಡು ಮೆಚ್ಚಿ, ಇದು ಸಿರಿವಂತರ ಹವ್ಯಾಸವೆಂದು ನಕ್ಕು ಮನೆಗೆ ಮರಳುವವರೇ ಹೆಚ್ಚು. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿಗಳು ಅಷ್ಟಕ್ಕೇ ತೃಪ್ತರಾಗಬಾರದೆಂಬುದು ನನ್ನ ಅಭಿಪ್ರಾಯ.

ಅಮೆರಿಕದ ಹೆನ್ರಿ ಫೋರ್ಡನ ಕಾರ್ಖಾನೆಯಲ್ಲಿ 1908ರಿಂದ 1927ರವರೆಗೆ ತಯಾರಾದ ‘ಮಾಡೆಲ್ ಟಿ’ ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದ ಈ ಗಾಡಿಯ ಎಂಜಿನ್ನಿನ ಸಾಮರ್ಥ್ಯ ಸುಮಾರು 20 ಅಶ್ವಶಕ್ತಿ. ಮೊದಮೊದಲಿನ ಕೆಲವು ಸಾವಿರಗಳನ್ನು ಬಿಟ್ಟರೆ ಇದರಲ್ಲಿ ನೀರನ್ನು ಹರಿಸುವ ಪಂಪು ಇಲ್ಲ. ಎಂಜಿನ್ನಿನಲ್ಲಿ ಕಾದು ಹಗುರಾದ ನೀರು ತಾನಾಗಿ ಮೇಲೇರಿ ರೇಡಿಯೇಟರನ್ನು ಸೇರುತ್ತದೆ. ಅಲ್ಲಿ ತಣಿದು ಸಾಂದ್ರವಾಗಿ ಕೆಳಗಿಳಿದು ಎಂಜಿನ್ನಿಗೆ ಮರಳುತ್ತದೆ. ಪೆಟ್ರೋಲಿಗೂ ಪಂಪು ಇಲ್ಲ. ಆಸನದ ಅಡಿಯ ತೊಟ್ಟಿಯಿಂದ ಅದು ಭೂಮಿಯ ಆಕರ್ಷಣೆಯೊಂದರಿಂದಲೇ ಕಾರ್ಬುರೇಟರಿಗೆ ಹರಿಯಬೇಕು. ಆದುದರಿಂದ ತೊಟ್ಟಿಯಲ್ಲಿ ಪೆಟ್ರೋಲು ಕಡಮೆಯಿದ್ದಾಗ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಬೇಕಾಗುತ್ತಿತ್ತು! 1915ರ ಸುಮಾರಿನ ಗಾಡಿಗಳ ದೀಪಗಳಂತೂ, ಎಂಜಿನ್ನಿನೊಡನೆ ಸುತ್ತುವ ಕಾಂತಗಳು ತಂತಿಯ ಸುರುಳಿಗಳಲ್ಲಿ ಹುಟ್ಟಿಸುವ ವಿದ್ಯುತ್ತಿನಿಂದ ಉರಿಯುತ್ತಿದ್ದುವು. ಎಂಜಿನ್ ನಿಧಾನವಾದರೆ ಬೆಳಕು ಮಂಕಾಗುವುದು, ವೇಗವಾದರೆ ಪ್ರಖರವಾಗುವುದು. ಫ್ಯಾರಡೆಯ ನಿಯಮವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಕರಿಹಲಗೆ ತೋರಿಸೀತು?

ಇಂತಹ ಗಾಡಿಯನ್ನು ಮತ್ತೆ ಓಡುವಂತೆ ಮಾಡುವ ಕೆಲಸವು ಬಣ್ಣ ಬಳಿಯುವುದರಿಂದ ಆಗತಕ್ಕದ್ದಲ್ಲ. ಇದರ ಎಂಜಿನ್ನಿನ ಮುಖ್ಯ ಬೇರಿಂಗುಗಳನ್ನು ‘ಬ್ಯಾಬಿಟ್’ ಎಂಬ ಮೆದುವಾದ ಮಿಶ್ರಲೋಹವನ್ನು ಕರಗಿಸಿ, ಅವುಗಳ ಸ್ಥಾನದಲ್ಲಿಯೇ ಎರೆಯಬೇಕು. ಅನಂತರ ತಿರುಗುವ ದಂಡಕ್ಕೆ ಬಣ್ಣ ಸವರಿ, ಅದು ಎಲ್ಲಿ ತಾಗುವುದೆಂದು ನೋಡಿ, ಆ ಎಡೆಯನ್ನು ಕೈಯಿಂದ ಹೆರೆದು ಹೊಂದಿಸಬೇಕು. ಎಷ್ಟು ಹೆರೆದರೆ ಸಾಕೆಂಬುದನ್ನು ಪುಸ್ತಕವು ಪೂರ್ತಿಯಾಗಿ ಕಲಿಸಲಾರದು. ಅದನ್ನು ಕೈ ಕಲಿಯಬೇಕು. ಊಹಿಸುವುದು, ಪರೀಕ್ಷಿಸುವುದು, ತಿದ್ದುವುದು, ಮತ್ತೆ ಪರೀಕ್ಷಿಸುವುದು—ಈ ಕ್ರಮಕ್ಕೇ ನಾವು ಕಾಲೇಜಿನ ಪ್ರಯೋಗಶಾಲೆಯಲ್ಲಿ ವೈಜ್ಞಾನಿಕ ವಿಧಾನವೆಂಬ ದೊಡ್ಡ ಹೆಸರನ್ನಿಟ್ಟಿದ್ದೇವೆ. ಪದವಿಯಿಲ್ಲವೆಂಬ ಕಾರಣದಿಂದ ಗ್ಯಾರೇಜಿನ ಮೆಕ್ಯಾನಿಕ್ಕನ್ನು ಕೀಳಾಗಿ ಕಾಣುವುದು ಅವಿವೇಕವಲ್ಲವೆ?

ಹಳೆಯದೆಲ್ಲವೂ ಶ್ರೇಷ್ಠವೆಂದು ನಾನು ವಾದಿಸುತ್ತಿಲ್ಲ. ಮಾಡೆಲ್ ಟಿ ಎಂಜಿನ್ನಿನ ಸಂಕೋಚನ ಪ್ರಮಾಣ ಸುಮಾರು 4. ಆದರ್ಶ ಆಟೋ ಚಕ್ರದ ಸೂತ್ರದಂತೆ ಇದರ ದಕ್ಷತೆ ಹೆಚ್ಚೆಂದರೆ ಶೇಕಡಾ 43. ಸಂಕೋಚನ ಪ್ರಮಾಣ 10 ಇರುವ ಎಂಜಿನ್ನಿಗಾದರೋ ಅದು ಶೇಕಡಾ 60. ವಾಸ್ತವದಲ್ಲಿ ಎರಡೂ ಇದಕ್ಕಿಂತ ಬಹಳ ಕಡಮೆಯೇ. ಹಳೆಯ ಎಂಜಿನ್ನಿನ ಹೊಗೆಯೂ ಹೆಚ್ಚು. ನಿತ್ಯದ ಓಡಾಟಕ್ಕೆ ಹೊಸ ಗಾಡಿಯೇ ಸರಿ. ಭಾರತ ಸರ್ಕಾರವು 2021ರಲ್ಲಿ ಮಾಡಿದ ನಿಯಮಗಳು 50 ವರ್ಷ ಮೀರಿದ, ಮೂಲಸ್ವರೂಪವನ್ನು ಉಳಿಸಿಕೊಂಡ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯನ್ನು ಕೊಟ್ಟು, ದಿನಬಳಕೆಗೆ ಅವಕಾಶವಿಲ್ಲವೆಂದಿವೆ. ಇದು ನ್ಯಾಯವಾದ ಏರ್ಪಾಡು.

ಆದರೆ ನೋಂದಣಿಯು ಉಳಿಸುವುದು ಗಾಡಿಯನ್ನು ಮಾತ್ರ. ಅದನ್ನು ಓಡಿಸಬಲ್ಲ ವಿದ್ಯೆಗೆ ನೋಂದಣಿ ಎಲ್ಲಿದೆ? ವೃದ್ಧ ಕುಶಲಕರ್ಮಿಯೊಬ್ಬನು ಶಿಷ್ಯರಿಲ್ಲದೆ ತೀರಿಕೊಂಡರೆ, ಅವನು ಬಾಳಿನುದ್ದಕ್ಕೂ ಗಳಿಸಿದ ಅರಿವೂ ಅವನೊಡನೆ ಹೋಗುತ್ತದೆ. ಎಂಜಿನ್ ಉಳಿದರೂ ಅದು ಮೌನವಾಗಿ ಉಳಿದ ಲೋಹವಷ್ಟೆ.

ನಮ್ಮ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಒಂದು ಸಂಗ್ರಹಾಲಯವಿದೆ. ಅಲ್ಲಿಗೆ ಹೋದಾಗ ಬಣ್ಣವನ್ನು ನೋಡಿ ಮುಂದೆ ಸಾಗಬೇಡಿರಿ. ನೀರು ಹೇಗೆ ಹರಿಯುವುದು, ಕಿಡಿ ಎಲ್ಲಿಂದ ಬರುವುದು ಎಂದು ಕೇಳಿರಿ. ನಿಮ್ಮ ಊರಿನಲ್ಲಿ ಹಳೆಯ ಎಂಜಿನ್ನುಗಳನ್ನು ಬಲ್ಲ ಹಿರಿಯ ಮೆಕ್ಯಾನಿಕ್ಕರಿದ್ದರೆ, ಅವರಿಗೆ ಬಿಡುವಾದಾಗ ಹೋಗಿ ವಿನಯದಿಂದ ವಿಚಾರಿಸಿ, ಅವರು ಹೇಳಿದುದನ್ನು ಚಿತ್ರಸಹಿತವಾಗಿ ಬರೆದಿಡಿರಿ. ಕಾಲೇಜುಗಳೂ ಅಂತಹವರನ್ನು ವರ್ಷಕ್ಕೊಮ್ಮೆಯಾದರೂ ಪ್ರಯೋಗಶಾಲೆಗೆ ಕರೆದು, ಉಪನ್ಯಾಸಕರಿಗೆ ಕೊಡುವ ಕುರ್ಚಿಯನ್ನೇ ಅವರಿಗೂ ಕೊಡಲಿ.